ಮೂರು ಮಾರ್ಕ್ಸ್ ಕಾರ್ಡ್, ಎಂಟು ಕಾಲೇಜು

ಹಾಸನದಲ್ಲಿ ಎಂಟನೇ ಕ್ಲಾಸಿನಲ್ಲಿದ್ದಾಗ ನಾನು ಒಮ್ಮೆ ಮಾರ್ಕ್ಸ್ ಕಾರ್ಡ್ ಬಚ್ಚಿಟ್ಟಿದ್ದೆ. ವಿಜ್ಞಾನದಲ್ಲಿ 41 ಬಂದಿತ್ತು. ಅಕ್ಕಿ ಡಬ್ಬದ ಹಿಂದೆ ತುರುಕಿದ್ದೆ. ಮೂರನೇ ದಿನ ಅಮ್ಮನ ಕೈಗೆ ಸಿಕ್ಕಿತು. ಅಪ್ಪ ಪಿಯು ಕಾಲೇಜಿನಲ್ಲಿ ಗಣಿತದ ಲೆಕ್ಚರರ್. 41 ಬಂದಿದ್ದಕ್ಕೆ ಅವರು ಬೈಯಲಿಲ್ಲ. ಬಚ್ಚಿಟ್ಟಿದ್ದಕ್ಕೆ ಒಂದು ವಾರ ನನ್ನ ಜೊತೆ ಮಾತೇ ಆಡಲಿಲ್ಲ.

ಅಂಥ ಮನೆಯಲ್ಲಿ ಬೆಳೆದವಳು ನಾನು. ಈಗ ನ್ಯೂಜೆರ್ಸಿಯಲ್ಲಿ ಊಟದ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಮಗಳ ಎಸ್‌ಎಟಿ ಪರೀಕ್ಷೆಯ ಯಾವ ಮಾರ್ಕ್ಸ್ ಯಾವ ಕಾಲೇಜಿಗೆ ತೋರಿಸಬೇಕು, ಯಾವುದಕ್ಕೆ ತೋರಿಸಬಾರದು ಅಂತ ಎಕ್ಸೆಲ್ ಶೀಟ್ ಮಾಡಿದೆ. 2025ರ ಮಾರ್ಚ್‌ನಿಂದ 2026ರ ಜನವರಿವರೆಗೆ ನಮ್ಮನೆಯಲ್ಲಿ ನಡೆದದ್ದು ಇದೇ.

ಎಸ್‌ಎಟಿ ಗೊತ್ತಿಲ್ಲದವರಿಗೆ ಎರಡು ಮಾತು. ಇಲ್ಲಿ ಡಿಗ್ರಿ ಕಾಲೇಜಿಗೆ ಸೇರುವ ಮಕ್ಕಳು ಬರೆಯುವ ಪರೀಕ್ಷೆ ಅದು. ಓದು-ಬರಹಕ್ಕೆ 800, ಗಣಿತಕ್ಕೆ 800, ಒಟ್ಟು 1600. ಈಗೆಲ್ಲ ಲ್ಯಾಪ್‌ಟಾಪಿನಲ್ಲೇ ಬರೆಯಬೇಕು, 2 ಗಂಟೆ 14 ನಿಮಿಷ. ನಮ್ಮ ಸಿಇಟಿ ಹಾಗೆ ವರ್ಷಕ್ಕೊಂದೇ ಸಲ ಅಲ್ಲ. ವರ್ಷದಲ್ಲಿ ಎಷ್ಟೋ ಸಲ ನಡೆಯುತ್ತೆ, ಬೇಕಾದಷ್ಟು ಸಲ ಬರೆಯಬಹುದು. ಸಿಇಟಿ ಹಾಗೆ ರ‍್ಯಾಂಕ್ ಬಂದು ಸೀಟು ಸಿಗುವುದೂ ಇಲ್ಲ. ನಾಲ್ಕು ವರ್ಷದ ಹೈಸ್ಕೂಲ್ ಗ್ರೇಡು, ಪ್ರಬಂಧ, ಟೀಚರುಗಳ ಪತ್ರ, ಇದೆಲ್ಲದರ ಜೊತೆಗೆ ಇದೂ ಒಂದು.

ಕೋವಿಡ್ ಬಂದಾಗ ಪರೀಕ್ಷೆ ಬರೆಯಲು ಜಾಗವೇ ಇರಲಿಲ್ಲ. ಆಗ ಹೆಚ್ಚುಕಮ್ಮಿ ಎಲ್ಲ ಕಾಲೇಜುಗಳೂ 'ಕಳಿಸಿದರೆ ನೋಡ್ತೀವಿ, ಇಲ್ಲದಿದ್ದರೂ ಪರವಾಗಿಲ್ಲ' ಅಂದುಬಿಟ್ಟವು. ಟೆಸ್ಟ್ ಆಪ್ಷನಲ್ ಅನ್ನುವುದು ಇದಕ್ಕೇ. ಆಮೇಲೆ ಒಂದೊಂದಾಗಿ ಮನಸ್ಸು ಬದಲಾಯಿಸಿದವು. 2022ರಲ್ಲಿ ಎಂಐಟಿ, 2024ರಲ್ಲಿ ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್ ಮತ್ತೆ 'ಬೇಕೇ ಬೇಕು' ಅಂದವು. ಕೊಲಂಬಿಯಾ ಮಾತ್ರ ಬೇಡ ಅಂತಲೇ ಕೂತಿತು. ಯುಸಿ, ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕಾಲೇಜುಗಳಂತೂ ನೀವು ಕೊಟ್ಟರೂ ನೋಡುವುದಿಲ್ಲ. ಹಾಗಾಗಿ ನಮ್ಮ ಮಗಳ ವರ್ಷದವರಿಗೆ ಎಲ್ಲ ಕಲಸುಮೇಲೋಗರ. ಅವಳ ಪಟ್ಟಿಯ ಎಂಟು ಕಾಲೇಜುಗಳಲ್ಲಿ ಒಂದರ ನಿಯಮ ಇನ್ನೊಂದಕ್ಕಿಲ್ಲ.

ಮೊದಲ ತಪ್ಪು ನನ್ನದೇ. ಅದನ್ನು ಹೇಳಿಬಿಡುತ್ತೇನೆ.

ಮಾರ್ಚ್ 8ರ ಪರೀಕ್ಷೆಗೆ ಹೆಸರು ಹಾಕುವಾಗ ಪರದೆಯ ಮೇಲೆ ಒಂದು ಪುಟ ಬಂತು. ನಾಲ್ಕು ಕಾಲೇಜುಗಳಿಗೆ ಸ್ಕೋರ್ ಪುಕ್ಕಟೆಯಾಗಿ ಕಳಿಸಿಕೊಡ್ತೀವಿ ಅಂತ. ಆಮೇಲೆ ಕಳಿಸಿದರೆ ಒಂದೊಂದಕ್ಕೆ 15 ಡಾಲರ್ ಆಸುಪಾಸು. ಪುಕ್ಕಟೆ ಅಂದರೆ ಬಿಡೋದುಂಟಾ? ಮಗಳು ಪಕ್ಕದಲ್ಲಿ ಇರಲಿಲ್ಲ. ನಾನೇ ರಟ್ಗರ್ಸ್, ಮೇರಿಲ್ಯಾಂಡ್, ಮಿಶಿಗನ್, ನಾರ್ತ್‌ಈಸ್ಟರ್ನ್ ಅಂತ ನಾಲ್ಕು ಹೆಸರು ಹಾಕಿ ಮುಂದಕ್ಕೆ ಹೋದೆ. ಅರವತ್ತು ಡಾಲರ್ ಉಳಿಸಿದೆ ಅಂತ ಖುಷಿ.

ಆ ಪುಕ್ಕಟೆ ಸೌಲಭ್ಯ ಇರುವುದು ಪರೀಕ್ಷೆ ಮುಗಿದ ಒಂಬತ್ತು ದಿನದವರೆಗೆ. ಸ್ಕೋರ್ ಬರುವುದು ಸುಮಾರು ಎರಡು ವಾರಕ್ಕೆ. ಅಂದರೆ ಹುಡುಗನ್ನ ನೋಡುವ ಮೊದಲೇ ತಾಂಬೂಲ ಬದಲಾಯಿಸಿದ ಹಾಗೆ. ಸ್ಕೋರ್ ಬಂದಾಗ ನೋಡಿದರೆ 1390. ಓದು-ಬರಹ 650, ಗಣಿತ 740. ಅಷ್ಟರಲ್ಲಿ ಆ ಹೆಸರುಗಳನ್ನು ಬದಲಾಯಿಸುವ ಗಡುವು ಮುಗಿದಿತ್ತು. ನಾಲ್ಕು ಕಡೆಗೂ ಹೊರಟಾಗಿತ್ತು. ವಾಪಸ್ ಕರೆಸಿಕೊಳ್ಳುವ ಹಾಗಿಲ್ಲ.

ಮಗಳಿಗೆ ಹೇಳಿದಾಗ ಅವಳು ಕೂಗಾಡಲಿಲ್ಲ. "ಅಮ್ಮ, ನೀನು ನನ್ನ ಕೇಳಬಹುದಿತ್ತು" ಅಂದಳು, ಅಷ್ಟೇ. ಕೂಗಾಡಿದ್ದರೇ ಚೆನ್ನಾಗಿತ್ತು. ಆಮೇಲೆ ಅವಳೇ ಹುಡುಕಿ ಸಮಾಧಾನ ಹೇಳಿದಳು. ಟೆಸ್ಟ್ ಆಪ್ಷನಲ್ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಅರ್ಜಿಯಲ್ಲೇ ಒಂದು ಪ್ರಶ್ನೆ ಇರುತ್ತೆ, ನಿನ್ನ ಸ್ಕೋರ್ ಪರಿಗಣಿಸಬೇಕಾ ಬೇಡವಾ ಅಂತ. ಬೇಡ ಅಂದರೆ ಅವರ ಹತ್ತಿರ ಇದ್ದರೂ ನೋಡುವುದಿಲ್ಲವಂತೆ. ನೋಡುವುದಿಲ್ಲ ಅಂತ ಹೇಳ್ತಾರೆ, ನಂಬಬೇಕು. ನಾನು ಎರಡು ರಾತ್ರಿ ಸರಿಯಾಗಿ ನಂಬಲಿಲ್ಲ.

ಜೂನ್ 7ಕ್ಕೆ ಮತ್ತೆ ಬರೆದಳು. ಹತ್ತಿರದ ಸ್ಕೂಲುಗಳೆಲ್ಲ ಭರ್ತಿಯಾಗಿ, ಮುಕ್ಕಾಲು ಗಂಟೆ ದೂರದ ಒಂದು ಹೈಸ್ಕೂಲಿಗೆ ಬೆಳಗ್ಗೆ ಆರೂವರೆಗೇ ಹೊರಟಿದ್ದೆವು. ಓದು-ಬರಹ 710ಕ್ಕೆ ಏರಿತು. ಗಣಿತ 720ಕ್ಕೆ ಇಳಿಯಿತು. ಒಟ್ಟು 1430. ಈಗಿನ ಪರೀಕ್ಷೆಯಲ್ಲಿ ಪ್ರತಿ ವಿಷಯಕ್ಕೂ ಎರಡು ಭಾಗ. ಗಣಿತದ ಒಂದು ಭಾಗಕ್ಕೆ 35 ನಿಮಿಷ, 22 ಪ್ರಶ್ನೆ. ಮೊದಲ ಭಾಗ ಹೇಗೆ ಮಾಡಿದೆ ಅನ್ನುವುದರ ಮೇಲೆ ಎರಡನೆಯದು ಕಷ್ಟದ್ದೋ ಸುಲಭದ್ದೋ ಬರುತ್ತೆ. ಇವಳಿಗೆ ಕಷ್ಟದ್ದೇ ಬಂದಿತ್ತು, ಅದು ಒಳ್ಳೆಯ ಲಕ್ಷಣ. ಆದರೆ ಒಂದು ವೃತ್ತದ ಪ್ರಶ್ನೆ ಹಿಡಿದುಕೊಂಡು ಏಳು ನಿಮಿಷ ಕೂತಳಂತೆ. ಕಾರು ಹತ್ತಿದವಳೇ "ಸರ್ಕಲ್ ನನ್ನ ತಿಂದುಹಾಕಿತು" ಅಂದಳು. ದಾರಿಯಲ್ಲಿ ಸಿಕ್ಕ ಅಂಗಡಿಯಲ್ಲಿ ಡೋನಟ್ ತಿನ್ನೋಣವಾ ಅಂದರೆ ಅದೂ ಸರ್ಕಲ್ಲೇ ಬೇಡ ಅಂದಳು.

ಆಗಸ್ಟ್ 23ಕ್ಕೆ ಮೂರನೇ ಸಲ. 690, 770. ಒಟ್ಟು 1460.

ಇಲ್ಲಿಂದ ನಿಜವಾದ ತಲೆನೋವು ಶುರು.

ನಾನು ಲೆಕ್ಕ ಹಾಕಿದ್ದು ಸುಲಭ. 1460 ಎಲ್ಲಕ್ಕಿಂತ ಜಾಸ್ತಿ, ಅದನ್ನೊಂದೇ ಕಳಿಸೋಣ. ಮಗಳು ಹಾಗಲ್ಲ ಅಂದಳು. ಜೂನ್‌ನ 710, ಆಗಸ್ಟ್‌ನ 770 ಸೇರಿಸಿದರೆ 1480. ಬೇರೆ ಬೇರೆ ದಿನದ ಒಳ್ಳೆಯ ಅಂಕಗಳನ್ನು ಹೆಕ್ಕಿ ಕೂಡಿಸುವುದಕ್ಕೆ ಸೂಪರ್‌ಸ್ಕೋರ್ ಅಂತಾರೆ. ತುಂಬಾ ಕಾಲೇಜುಗಳು ತಾವೇ ಹಾಗೆ ಕೂಡಿಸಿಕೊಳ್ಳುತ್ತವೆ. ಆದರೆ ಕಳಿಸುವಾಗ ನಾವು ತುಂಡು ಮಾಡಿ ಕಳಿಸುವ ಹಾಗಿಲ್ಲ. ಯಾವ ದಿನದ್ದು ಅಂತ ಆರಿಸಬಹುದು, ಆ ದಿನದ್ದು ಎರಡೂ ವಿಷಯ ಹೋಗುತ್ತೆ. ಸ್ಕೋರ್ ಚಾಯ್ಸ್ ಅಂದರೆ ಇಷ್ಟೇ. ಅಂದರೆ 1480 ಬೇಕಾದರೆ ಜೂನ್‌ನ 720 ಗಣಿತವನ್ನೂ ತೋರಿಸಬೇಕು.

ಆ ಭಾನುವಾರ ಅಪ್ಪ ವಾಟ್ಸಾಪ್ ವಿಡಿಯೋದಲ್ಲಿ ಬಂದಾಗ ಇದನ್ನೆಲ್ಲ ಹೇಳಿದೆ. ಅಪ್ಪನಿಗೆ ಈಗ ಎಪ್ಪತ್ತೆಂಟು. ಅರ್ಥ ಆಗಲ್ಲ ಅಂದುಕೊಂಡಿದ್ದೆ. ಅವರು ಕನ್ನಡಕ ಮೇಲೆ ಮಾಡಿಕೊಂಡು, "ನಮ್ಮ ಪಿಯುಸಿ ಪರೀಕ್ಷೆ 1, 2, 3 ಇದ್ದಂಗೆ" ಅಂದರು. ನಿಜ ಅಲ್ವಾ? ಕರ್ನಾಟಕದಲ್ಲೂ 2024, 2025ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಇತ್ತು. ಯಾವ ವಿಷಯಕ್ಕೆ ಯಾವುದರಲ್ಲಿ ಜಾಸ್ತಿ ಬಂತೋ ಅದೇ ಉಳಿಯುತ್ತಿತ್ತು. ಅಪ್ಪ ಮುಂದುವರಿಸಿದರು. "ಆದರೆ ಅಲ್ಲಿ ಮಂಡಳಿಯೇ ಆರಿಸಿ ಕೊಡುತ್ತೆ. ಮಗು ಕೂತ್ಕೊಂಡು ಯಾವುದನ್ನ ಬಚ್ಚಿಡಲಿ ಅಂತ ಯೋಚನೆ ಮಾಡಲ್ಲ."

ಬಚ್ಚಿಡೋದು ಅಂದರು. ಅಕ್ಕಿ ಡಬ್ಬ ನೆನಪಾಯಿತು. ಅವರಿಗೂ ಆಗಿರಬೇಕು.

ಸೆಪ್ಟೆಂಬರ್‌ನಲ್ಲಿ ಕನ್ನಡ ಕೂಟದ ಗಣೇಶನ ಹಬ್ಬಕ್ಕೆ ಹೋಗಿದ್ದೆವು. ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತಾಗ ಒಬ್ಬರು ಕೇಳಿದರು, "ನಿಮ್ಮ ಮಗಳದ್ದು ಎಷ್ಟಾಯ್ತು?" ಅವರ ಮಗನಿಗೆ 1550. ನಾನು 1480 ಅಂದೆ. 1460 ಅನ್ನಲಿಲ್ಲ. ಸೂಪರ್‌ಸ್ಕೋರ್ ಮಾಡಿದ್ದು ಕಾಲೇಜಿಗಿಂತ ಮೊದಲು ನಾನೇ. ಅವರು "ಓ, ಪರವಾಗಿಲ್ಲ" ಅಂದರು. ಇಡೀ ಅಮೆರಿಕದಲ್ಲಿ 1480 ತೆಗೆಯುವವರು ನೂರಕ್ಕೆ ಐದಾರು ಜನ ಇರಬಹುದು ಅಷ್ಟೇ. ನಮ್ಮ ಊಟದ ಸಾಲಿನಲ್ಲಿ ಮಾತ್ರ ಅದು 'ಪರವಾಗಿಲ್ಲ'. ಮಗಳು ಪಕ್ಕದಲ್ಲೇ ತಟ್ಟೆ ಹಿಡಿದು ನಿಂತಿದ್ದಳು. ಮೊಸರನ್ನ ಹಾಕಿಸಿಕೊಂಡು ಬೇರೆ ಟೇಬಲ್ಲಿಗೆ ಹೋಗಿ ಕೂತಳು.

ಆ ರಾತ್ರಿ ನಾನು ಅಕ್ಟೋಬರ್‌ನಲ್ಲಿ ಇನ್ನೊಂದು ಸಲ ಬರೆ ಅಂದೆ. ಅವಳು ಹನ್ನೆರಡನೇ ಕ್ಲಾಸು. ಮೊದಲ ಕ್ವಾರ್ಟರ್ ಗ್ರೇಡುಗಳನ್ನೂ ಕಾಲೇಜುಗಳು ನೋಡಬಹುದು, ಪ್ರಬಂಧಗಳು ಅರ್ಧಂಬರ್ಧ ಬಿದ್ದಿದ್ದವು. "ಸಾಕು ಅಮ್ಮ. 1480 ಇದ್ದಿದ್ದು 1500 ಆದರೆ ಏನು ಬದಲಾಗುತ್ತೆ, ಹೇಳು. ಯಾವ ಕಾಲೇಜಿನಲ್ಲಿ ಬದಲಾಗುತ್ತೆ, ಹೆಸರು ಹೇಳು" ಅಂದಳು. ನನ್ನ ಹತ್ತಿರ ಹೆಸರಿರಲಿಲ್ಲ. ಹಾಗಾಗಿ ಎಕ್ಸೆಲ್ ಶೀಟ್ ತೆರೆದೆ.

ಈ ಶೀಟಿಗೆ ಬೇಕಾದದ್ದು ಸಿಕ್ಕಿದ್ದು ಕಾಮನ್ ಡೇಟಾ ಸೆಟ್ ಅನ್ನುವುದರಲ್ಲಿ. ಹೆಚ್ಚಿನ ಕಾಲೇಜುಗಳು ಪ್ರತಿವರ್ಷ ಒಂದೇ ನಮೂನೆಯಲ್ಲಿ ತಮ್ಮ ಲೆಕ್ಕ ಪ್ರಕಟಿಸುತ್ತವೆ. ಕಾಲೇಜಿನ ಹೆಸರು, ಜೊತೆಗೆ ಈ ಮೂರು ಪದ ಹಾಕಿ ಹುಡುಕಿದರೆ ಸಿಗುತ್ತೆ. ಅದರಲ್ಲಿ ಸಿ9 ಅನ್ನುವ ಭಾಗಕ್ಕೆ ನೇರವಾಗಿ ಹೋಗಿ. ಸೇರಿದ ಮಕ್ಕಳ ಸ್ಕೋರ್ ಅಲ್ಲಿರುತ್ತೆ. ಸಾಲಾಗಿ ನಿಲ್ಲಿಸಿದರೆ ಕೆಳಗಿನಿಂದ ಕಾಲು ಭಾಗಕ್ಕೆ ಎಷ್ಟು, ಮಧ್ಯಕ್ಕೆ ಎಷ್ಟು, ಮುಕ್ಕಾಲಿಗೆ ಎಷ್ಟು ಅಂತ. ಅಲ್ಲೇ ಇನ್ನೊಂದು ಅಂಕಿ ಇರುತ್ತೆ, ಅದನ್ನು ಯಾರೂ ನೋಡುವುದಿಲ್ಲ. ಸೇರಿದವರಲ್ಲಿ ನೂರಕ್ಕೆ ಎಷ್ಟು ಜನ ಸ್ಕೋರ್ ಕಳಿಸಿದ್ದರು ಅಂತ. ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದ್ದು ಅದು.

ಯಾಕೆ ಅಂದರೆ, ಕಳಿಸುವುದು ಐಚ್ಛಿಕ ಆದಾಗ ಒಳ್ಳೆಯ ಸ್ಕೋರ್ ಇದ್ದವರು ಮಾತ್ರ ಕಳಿಸುತ್ತಾರೆ. ಕಾಲೇಜಿನ ಲೆಕ್ಕ ಮೇಲೇರುತ್ತೆ. ಮುಂದಿನ ವರ್ಷದ ಮಕ್ಕಳು ಅದನ್ನು ನೋಡಿ ಹೆದರಿ ತಮ್ಮದನ್ನು ತಡೆಹಿಡಿಯುತ್ತಾರೆ. ಲೆಕ್ಕ ಇನ್ನೂ ಏರುತ್ತೆ. ಮಿಶಿಗನ್‌ನದ್ದು ನೋಡಿದಾಗ ಮಧ್ಯದ ಅರ್ಧ ಜನ ಸುಮಾರು 1350ರಿಂದ 1530ರ ಒಳಗಿದ್ದರು. ಎಸ್‌ಎಟಿ ಕಳಿಸಿದವರು ಸೇರಿದವರಲ್ಲಿ ಅರ್ಧದಷ್ಟು. ಅಂದರೆ ಆ 1350 ಕೂಡ ಕಳಿಸಲು ಧೈರ್ಯ ಮಾಡಿದವರದ್ದು. ಎಲ್ಲರದ್ದೂ ಹಿಡಿದರೆ ಇನ್ನೂ ಕೆಳಗಿರುತ್ತೆ. ನಮ್ಮದು 1460 ಆದರೂ 1480 ಆದರೂ ಆರಾಮಾಗಿ ಒಳಗೇ. ಕಳಿಸುವುದು ಅಂತ ಹಸಿರು ಬಣ್ಣ ಹಾಕಿದೆ. ರಟ್ಗರ್ಸ್ ನಮ್ಮ ರಾಜ್ಯದ್ದೇ, ಅಲ್ಲಿ ಮೇಲಿನ ಅರ್ಧದಲ್ಲಿತ್ತು. ಅದೂ ಹಸಿರು. ಮೇರಿಲ್ಯಾಂಡ್ ಬಗ್ಗೆ ಜಾಸ್ತಿ ಚರ್ಚೆ ಆಗಲಿಲ್ಲ, ಕಳಿಸೋಣ ಅಂದೆವು. ಪರ್ಡ್ಯೂ ಕೇಳೇ ಕೇಳುತ್ತೆ, ಅಲ್ಲಿ ಆಯ್ಕೆಯೇ ಇಲ್ಲ.

ಯುಸಿ ಸ್ಯಾನ್ ಡಿಯಾಗೊ ಸಾಲಿನಲ್ಲಿ ಏನು ಬರೆಯಬೇಕು ಗೊತ್ತಾಗದೆ ಬೂದು ಬಣ್ಣ ಹಾಕಿದೆ. ಒಳಗೆ ಬಿಡುವುದೋ ಬೇಡವೋ ಅನ್ನುವುದಕ್ಕೆ ಅವರು ಈ ಅಂಕ ನೋಡುವುದೇ ಇಲ್ಲ. ಮೂರು ಶನಿವಾರ, ಮುಕ್ಕಾಲು ಗಂಟೆ ಡ್ರೈವು, ಸರ್ಕಲ್ಲು, ಯಾವುದೂ ಅಲ್ಲಿ ಲೆಕ್ಕಕ್ಕಿಲ್ಲ. ಎಪಿ ಅಂತ, ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಪರೀಕ್ಷೆಗಳಿವೆ, 5ಕ್ಕೆ ಅಂಕ. ಅದನ್ನು ಮಾತ್ರ ಹಾಕಲು ಜಾಗ ಇದೆ. ಇವಳಿಗೆ ಎರಡರಲ್ಲಿ 5, ಒಂದರಲ್ಲಿ 4. ಅದನ್ನು ಖುಷಿಯಾಗಿ ತುಂಬಿದಳು.

ಜಗಳ ಆಗಿದ್ದು ನಾರ್ತ್‌ಈಸ್ಟರ್ನ್ ವಿಷಯಕ್ಕೆ. ಅಲ್ಲಿ 1480 ಅಂದರೆ ಮಧ್ಯಕ್ಕಿಂತ ಸ್ವಲ್ಪ ಕೆಳಗೆ ಬೀಳುತ್ತಿತ್ತು. ಸ್ಕೂಲಿನ ಗೈಡೆನ್ಸ್ ಕೌನ್ಸೆಲರ್ ಸೂತ್ರ ಸರಳ: ಮಧ್ಯಕ್ಕಿಂತ ಮೇಲಿದ್ದರೆ ಕಳಿಸಿ, ಕೆಳಗಿದ್ದರೆ ಬೇಡ. ಅವರ ಕೈಕೆಳಗೆ ಇನ್ನೂರಕ್ಕೂ ಜಾಸ್ತಿ ಮಕ್ಕಳು, ಸೂತ್ರ ಇಲ್ಲದೆ ಅವರಿಗೂ ಆಗಲ್ಲ. ನಾನು ಅದನ್ನೇ ಹಿಡಿದುಕೊಂಡೆ. ಬೇಡ, ತೋರಿಸೋದು ಬೇಡ.

ನಮ್ಮನೆಯವರು ಅದುವರೆಗೆ ಸುಮ್ನೆ ಇದ್ದರು. ಪ್ರಬಂಧ ಓದುವುದು, ಫೀಸು ಕಟ್ಟುವುದು ಅವರ ಪಾಲು. ಅವತ್ತು ಅವರು ಡಾರ್ಟ್‌ಮತ್ ವಿಷಯ ಎತ್ತಿದರು. 2024ರಲ್ಲಿ ಆ ಕಾಲೇಜಿನ ಪ್ರಾಧ್ಯಾಪಕರೇ ತಮ್ಮಲ್ಲಿ ಬಂದ ಅರ್ಜಿಗಳನ್ನು ಕೂತು ನೋಡಿದ್ದರು. ಬಡ ಮನೆಯ, ಸೌಲಭ್ಯ ಕಮ್ಮಿಯಿದ್ದ ಸ್ಕೂಲುಗಳ ಕೆಲವು ಮಕ್ಕಳು 1400ರ ಆಸುಪಾಸಿನ ಸ್ಕೋರ್ ಕಮ್ಮಿಯಾಯ್ತು ಅಂತ ಕಳಿಸದೇ ಇದ್ದರು. ಕಳಿಸಿದ್ದರೆ ಅವರಿಗೆ ಅನುಕೂಲವೇ ಆಗುತ್ತಿತ್ತು. ಯಾಕೆಂದರೆ ಆ ಅಂಕವನ್ನು ಆ ಸ್ಕೂಲಿನ ಉಳಿದ ಮಕ್ಕಳ ಅಂಕದ ಪಕ್ಕ ಇಟ್ಟು ನೋಡುತ್ತಾರೆ. ಪರೀಕ್ಷೆ ಮತ್ತೆ ಕಡ್ಡಾಯ ಮಾಡಲು ಅವರು ಕೊಟ್ಟ ಕಾರಣಗಳಲ್ಲಿ ಇದೂ ಒಂದು.

"ಆದರೆ ನಮ್ಮ ಸ್ಕೂಲು ಅಂಥದ್ದಲ್ಲವಲ್ಲ" ಅಂದೆ. ಇಲ್ಲಿ ಅರ್ಧ ಕ್ಲಾಸಿಗೆ ಟ್ಯೂಷನ್. ಪಕ್ಕ ಇಟ್ಟು ನೋಡಿದರೆ 1480 ಇನ್ನೂ ಸಣ್ಣದಾಗಿ ಕಾಣುತ್ತೆ. ಅವರು ಒಪ್ಪಿದರು. ಅಂದರೆ ಅದೇ ಅಂಕ ಓಹಿಯೋದ ಹಳ್ಳಿ ಸ್ಕೂಲಿನಿಂದ ಬಂದರೆ ಹೊಳೆಯುತ್ತೆ, ನಮ್ಮ ಸ್ಕೂಲಿನಿಂದ ಹೋದರೆ ಮಂಕು. ಇದು ನ್ಯಾಯವೇ ಅಂತ ನನಗೆ ಅನ್ನಿಸುತ್ತೆ, ನಮಗೆ ನಷ್ಟವಾದರೂ. ಟ್ಯೂಷನ್ನಿಗೆ ದುಡ್ಡು ಕೊಟ್ಟವಳು ನಾನೇ ತಾನೇ?

ಮಗಳು ಎದ್ದು ಬಂದು ಶೀಟ್ ನೋಡಿದಳು. ಅವಳಿಗೆ ಎಕನಾಮಿಕ್ಸ್ ಓದಬೇಕು. "ನನ್ನ ಗಣಿತ 770 ಅಮ್ಮ. ಎಕನಾಮಿಕ್ಸಿಗೆ ಅದು ಮಾತಾಡುತ್ತೆ. ನೀನು ಬರೀ ಒಟ್ಟು ನೋಡ್ತಿದ್ದೀಯ" ಅಂದಳು. ನಾನು ಹಳದಿ ಹಾಕಿದ್ದ ಚೌಕವನ್ನು ಹಸಿರು ಮಾಡಿದಳು. ನಾನು ಮತ್ತೆ ಹಳದಿ ಮಾಡಿದೆ. ಅಕ್ಟೋಬರ್ ಇಡೀ ಆ ಚೌಕ ಹಳದಿ-ಹಸಿರು ಆಡಿತು. ನಾನು ಕೆಲಸದಿಂದ ಬಂದು ಶೀಟ್ ತೆರೆದರೆ ಹಸಿರು, ಅವಳು ಸ್ಕೂಲಿನಿಂದ ಬಂದು ನೋಡಿದರೆ ಹಳದಿ. ಅಕ್ಟೋಬರ್ 30ರ ರಾತ್ರಿ ಅರ್ಜಿಯಲ್ಲಿ ಆ ಪ್ರಶ್ನೆಗೆ ಅವಳು 'ಹೌದು' ಅಂತ ಒತ್ತಿದಳು. ನಾನು ನೋಡಲಿಲ್ಲ, ಪಾತ್ರೆ ತೊಳೆಯುತ್ತಿದ್ದೆ. ಅರ್ಜಿ ಅವಳದ್ದು.

ಒಂದು ವಿಷಯ ನನಗೆ ಆವತ್ತೇ ಗೊತ್ತಾಗಿದ್ದು. ತುಂಬಾ ಕಾಲೇಜುಗಳಿಗೆ ಈಗ ಸ್ಕೋರನ್ನು ಕಾಮನ್ ಆಪ್ ಅನ್ನುವ, ಹಲವು ಕಾಲೇಜುಗಳಿಗೆ ಒಂದೇ ಆದ ಅರ್ಜಿಯಲ್ಲಿ ನಾವೇ ಟೈಪ್ ಮಾಡಿದರೆ ಸಾಕು. ಪರೀಕ್ಷೆ ನಡೆಸುವವರಿಂದ ಅಧಿಕೃತವಾಗಿ ಹೋಗಬೇಕಾದ್ದು ಸೀಟು ಸಿಕ್ಕಿ ಸೇರುವಾಗ. ಅಂದರೆ ಮಾರ್ಚ್‌ನಲ್ಲಿ ನಾನು ಉಳಿಸಿದ ಅರವತ್ತು ಡಾಲರ್ ಬಹುಪಾಲು ಖರ್ಚಾಗುತ್ತಲೇ ಇರಲಿಲ್ಲ. ಪುಕ್ಕಟೆ ಸಿಕ್ಕಿದ್ದು ಎಂಥ ದುಬಾರಿ ನೋಡಿ. ಪ್ರತಿ ಕಾಲೇಜಿನ ಪುಟ ತೆರೆದು ಓದಿ, ಅಕ್ಕಪಕ್ಕದವರನ್ನು ಕೇಳಬೇಡಿ. ಅವರು ಹೇಳುವುದು ಹೋದ ವರ್ಷದ್ದು, ಈ ನಿಯಮ ವರ್ಷವರ್ಷ ಬದಲಾಗುತ್ತೆ.

ಉಳಿದಿದ್ದು ಕಾರ್ನೆಲ್, ಜಾರ್ಜ್‌ಟೌನ್. ಎರಡೂ ಜನವರಿಯವು. ಕಾರ್ನೆಲ್ ಇವಳ ವರ್ಷದಿಂದ ಮತ್ತೆ ಕಡ್ಡಾಯ ಮಾಡಿತ್ತು. ಅಲ್ಲಿ ಕೆಳಗಿನ ಕಾಲು ಭಾಗದ ಗೆರೆಯೇ 1500ರ ಮೇಲೆ. ಕಳಿಸಬೇಕಾ ಬೇಡವಾ ಅನ್ನುವುದಲ್ಲ, ಅರ್ಜಿ ಹಾಕಬೇಕಾ ಅನ್ನುವುದೇ ಪ್ರಶ್ನೆ. ಹಾಕಿದಳು. ಆ ಪ್ರಬಂಧ ಬರೆಯಲು ಇಷ್ಟ ಆಯ್ತಂತೆ. ಅದಕ್ಕಿಂತ ಒಳ್ಳೆಯ ಕಾರಣ ನನಗೂ ತೋಚಲಿಲ್ಲ.

ಜಾರ್ಜ್‌ಟೌನ್ ಮಾತ್ರ ಬೇರೆ ಥರ. ಆಗ ಅದರದ್ದೇ ಬೇರೆ ಅರ್ಜಿ ಇತ್ತು. ಸ್ಕೋರ್ ಚಾಯ್ಸ್ ಒಪ್ಪುವುದಿಲ್ಲ. ಎಷ್ಟು ಸಲ ಬರೆದಿದ್ದೀಯೋ ಅಷ್ಟನ್ನೂ ಕಳಿಸು ಅನ್ನುತ್ತೆ. ಒಳ್ಳೆಯ ಅಂಕಗಳನ್ನು ಹೆಕ್ಕಿಕೊಳ್ಳುವುದು ಅವರ ಕೆಲಸ, ಮುಚ್ಚಿಡುವುದು ನಮ್ಮ ಕೈಯಲ್ಲಿಲ್ಲ. ಹತ್ತು ತಿಂಗಳಿಂದ ನಾನು ಯಾರ ಕಣ್ಣಿಗೂ ಬೀಳದಿರಲಿ ಅಂತ ಹರಕೆ ಹೊತ್ತಿದ್ದ 1390 ಅಲ್ಲಿ ಮೊದಲನೇ ಸಾಲಿನಲ್ಲೇ ಕೂರುತ್ತಿತ್ತು. ಈ ಕಾಲೇಜೇ ಬೇಡ ಅಂತ ನಾನು ಎರಡು ಸಲ ಹೇಳಿದ್ದೆ. ಅಪ್ಪನಿಗೆ ಇದನ್ನು ಹೇಳಿದಾಗ ಅವರು ಕೂತಲ್ಲೇ ನೆಟ್ಟಗಾದರು. "ಅದು ಕಾಲೇಜು ಅಂದರೆ. ಎಲ್ಲಿದೆ ಅದು?" ವಾಷಿಂಗ್ಟನ್ ಅಂದೆ. ಹೆಸರು ಬರೆದುಕೊಂಡರು. ಅವತ್ತಿನಿಂದ ಫೋನ್ ಮಾಡಿದಾಗಲೆಲ್ಲ ಉಳಿದ ಏಳು ಕಾಲೇಜುಗಳ ಸುದ್ದಿಯೇ ಇಲ್ಲ. "ಆ ಎಲ್ಲಾ ಮಾರ್ಕ್ಸ್ ಕೇಳೋ ಕಾಲೇಜಿಗೆ ಹಾಕಿದ್ರಾ?"

ಕೊನೆಯ ದಿನ ಜನವರಿ 10. ಸ್ಕೋರ್ ಆದರೂ ಮೊದಲೇ ಹೋಗಲಿ ಅಂತ ಹೊಸ ವರ್ಷದ ಮೊದಲ ಶನಿವಾರ ರಾತ್ರಿ ಕೂತೆವು. ಹಾಸನದಲ್ಲಿ ಭಾನುವಾರ ಬೆಳಗ್ಗೆ. ಅಪ್ಪ ಕಾಫಿ ಲೋಟ ಹಿಡಿದು ವಿಡಿಯೋದಲ್ಲಿದ್ದರು. ಮಗಳು ಫೋನನ್ನು ಲ್ಯಾಪ್‌ಟಾಪ್ ಕಡೆಗೆ ತಿರುಗಿಸಿ ಇಟ್ಟಳು. ಪರದೆ ಮೇಲೆ ಮೂರು ಸಾಲು. ಮೂರರ ಪಕ್ಕದ ಚೌಕಗಳಿಗೂ ಗುರುತು ಹಾಕಿದಳು. ಒಂದು ಕಾಲೇಜಿಗೆ ಎಷ್ಟು ದಿನದ್ದು ಕಳಿಸಿದರೂ ದುಡ್ಡು ಒಂದೇ. ಕಾರ್ಡ್ ನಂಬರ್ ಹಾಕಲು ನನ್ನ ಕಡೆ ಕೈ ಚಾಚಿದಳು.

"ತಡಿ ತಡಿ, ಓದ್ತೀನಿ" ಅಂದರು ಅಪ್ಪ. ಕನ್ನಡಕ ಸರಿಮಾಡಿಕೊಂಡು, ಉತ್ತರ ಪತ್ರಿಕೆ ತಿದ್ದುವಾಗ ಓದುತ್ತಿದ್ದ ಅದೇ ದನಿಯಲ್ಲಿ ಓದಿದರು. "ಸಾವಿರದ ಮುನ್ನೂರ ತೊಂಬತ್ತು. ಸಾವಿರದ ನಾನೂರ ಮೂವತ್ತು. ಸಾವಿರದ ನಾನೂರ ಅರವತ್ತು." ಆಮೇಲೆ ನನ್ನನ್ನು ಕರೆದರು. "ಅಲ್ಲ ಕಣಮ್ಮ, ಸಲಸಲಕ್ಕೂ ಮೇಲಕ್ಕೇ ಹೋಗಿದೆಯಲ್ಲ. ಇದನ್ನ ಬಚ್ಚಿಡೋಕೆ ಏನಿತ್ತು?"

ನಾನು ಪರ್ಸಿನಲ್ಲಿ ಕಾರ್ಡ್ ಹುಡುಕುತ್ತಿದ್ದೆ. ಮೂರು ಅಂಕಿಗಳನ್ನು ಒಂದರ ಕೆಳಗೊಂದು ಇಟ್ಟು ನಾನು ಅದುವರೆಗೆ ನೋಡಿಯೇ ಇರಲಿಲ್ಲ. ನನ್ನ ಶೀಟಿನಲ್ಲಿ ಕಾಲೇಜುಗಳು ಸಾಲಾಗಿದ್ದವು, ಪರೀಕ್ಷೆಗಳು ಸಾಲಾಗಿರಲಿಲ್ಲ.

ಮಗಳು ಬಟನ್ ಒತ್ತಿದಳು. ಅಪ್ಪ ಇನ್ನೂ ಪರದೆಯನ್ನೇ ನೋಡುತ್ತಿದ್ದರು.

"ಪುಟ್ಟಿ, ಎರಡನೇ ಸಲ ಗಣಿತ ಯಾಕೆ ಇಪ್ಪತ್ತು ಕಮ್ಮಿ ಆಯ್ತು?"

"ಸರ್ಕಲ್ಲು, ತಾತ."

"ಯಾವ ಲೆಕ್ಕ ಅದು? ಹೇಳು ನೋಡೋಣ" ಅಂತ ಅಪ್ಪ ಪೆನ್ನು ಹುಡುಕತೊಡಗಿದರು.